ದಮ್ಮು ಹೇಳುವ ಮಾತು



ಬಂಗಾರಪೇಟೆ ಜಂಕ್ಷನ್‌ನಲ್ಲಿ ಒಂದು ಸಣ್ಣ ರೈಲು ದಾರಿ ಕವಲೊಡೆಯುತ್ತದೆ. 1894ರಲ್ಲಿ ಹಾಕಿದ ದಾರಿ. ಉದ್ದ ಸುಮಾರು 16 ಕಿಲೋಮೀಟರ್. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಕೋಲಾರದ ಚಿನ್ನದ ಗಣಿಗಳಿಗಾಗಿಯೇ, ಅಂದರೆ ಕೆಜಿಎಫ್‌ಗಾಗಿಯೇ, ಹುಟ್ಟಿದ ನಿಲ್ದಾಣಗಳು ಇವು. ಒಂದು ಕಾಲಕ್ಕೆ ಈ ಗಣಿಗಳಲ್ಲಿ ಸುಮಾರು 30 ಸಾವಿರ ಜನ ದುಡಿಯುತ್ತಿದ್ದರು. 2001ರ ಫೆಬ್ರವರಿ 28ರಂದು, ಇವನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಅಂದು ಇಪ್ಪತ್ತೈದರ ಹರೆಯದಲ್ಲಿದ್ದ ಕಾರ್ಮಿಕನಿಗೆ ಈಗ ಐವತ್ತು ದಾಟುತ್ತಿದೆ. ಅವನಿಗಿಂತ ಹಿರಿಯರು ತಾತಂದಿರಾಗಿದ್ದಾರೆ. ಸಂಜೆ ನಾಯಿ ಹಿಡಿದುಕೊಂಡು ಹೊರಡುತ್ತಾರೆ. ಮಹಡಿಯ ಮೇಲೆ ಪಾರಿವಾಳಕ್ಕೆ ಕಾಳು ಚೆಲ್ಲುತ್ತಾರೆ. ಭಾನುವಾರ ಮೈದಾನದ ಅಂಚಿನಲ್ಲಿ ನಿಂತು ಮೊಮ್ಮಕ್ಕಳ ಫುಟ್‌ಬಾಲ್ ನೋಡುತ್ತಾರೆ.

ಇಂದಿನ ಮಾತು ಈ ದಿನನಿತ್ಯದ ಖುಷಿಗಳ ಬಗ್ಗೆ, ಮತ್ತು ಅವುಗಳ ನಡುವೆ ಕಾಣಿಸಿಕೊಳ್ಳುವ ಒಂದು ತೊಂದರೆಯ ಬಗ್ಗೆ. ಅದಕ್ಕೆ ಕೋಲಾರದ ಸೀಮೆಯಲ್ಲಿ ‘ದಮ್ಮು’ ಎನ್ನುತ್ತಾರೆ. ಮೆಟ್ಟಿಲು ಹತ್ತಿದರೆ ದಮ್ಮು, ನಾಲ್ಕು ಹೆಜ್ಜೆ ಬಿರಬಿರನೆ ಹಾಕಿದರೆ ದಮ್ಮು. ವಯಸ್ಸಾಯಿತು, ಇನ್ನೇನು ಎಂದು ಸುಮ್ಮನಾಗುತ್ತಾರೆ. ಕೇಳುಗರೇ, ಎಲ್ಲ ದಮ್ಮೂ ವಯಸ್ಸಿನದಲ್ಲ.

ಮೊದಲು ಗಣಿಯ ಕಥೆಗೆ ಹೋಗೋಣ.

ಕೋಲಾರದ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಅಡಗಿತ್ತು. ಬೆಣಚುಕಲ್ಲೆಂದರೆ ಬಹುತೇಕ ಸಿಲಿಕಾವೇ. ಆ ಕಲ್ಲಿಗೆ ರಂಧ್ರ ಕೊರೆಯಬೇಕು, ಮದ್ದು ತುಂಬಿ ಸಿಡಿಸಬೇಕು, ಚೂರುಗಳನ್ನು ಬಾಚಿ ಮೇಲಕ್ಕೆ ಕಳಿಸಬೇಕು. ಈ ಮೂರು ಕೆಲಸದಲ್ಲೂ ಧೂಳು ಏಳುತ್ತದೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3 ಕಿಲೋಮೀಟರ್ ಕೆಳಕ್ಕೆ ಹೋಗಿತ್ತು. ಆ ಆಳದಲ್ಲಿ ಬಂಡೆಯೇ ಮುಟ್ಟಲಾರದಷ್ಟು ಬಿಸಿ. ಇಕ್ಕಟ್ಟಿನ ಜಾಗ, ಬೆವರು, ಕೊರೆಯುವ ಯಂತ್ರದ ಸದ್ದು, ಗಾಳಿಯ ತುಂಬ ಧೂಳು. ಅಲ್ಲಿ ಮನುಷ್ಯ ದುಡಿಯಬೇಕಾದರೆ ಜೋರಾಗಿ ಉಸಿರೆಳೆಯಲೇಬೇಕು.

ಆ ಧೂಳಿನ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣವು. ಮೂಗಿನಲ್ಲಿ ಸಿಕ್ಕಿಬೀಳುವುದಿಲ್ಲ, ಕೆಮ್ಮಿದರೆ ಹೊರಬರುವುದಿಲ್ಲ. ಶ್ವಾಸಕೋಶದ ತಳದ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅಲ್ಲಿ ಕಾವಲಿಗಿರುವ ಜೀವಕೋಶಗಳು ಈ ಕಣಗಳನ್ನು ನುಂಗುತ್ತವೆ. ನುಂಗಿ ಅರಗಿಸಲಾರದೆ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯ, ಗಾಯದ ಮೇಲೆ ಗಟ್ಟಿಯಾದ ಕಲೆ. ಕಲೆ ಕೂಡುತ್ತ ಹೋದ ಹಾಗೆ ಶ್ವಾಸಕೋಶ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್.

ಈ ಕಾಯಿಲೆಯ ಚರಿತ್ರೆಯಲ್ಲಿ ಕೆಜಿಎಫ್‌ಗೆ ದೊಡ್ಡ ಜಾಗವಿದೆ. 1940ರಿಂದ 1946ರವರೆಗೆ ಇಲ್ಲಿ ಸುಮಾರು 7,600 ಕಾರ್ಮಿಕರನ್ನು ತಪಾಸಣೆ ಮಾಡಲಾಯಿತು. ಸುಮಾರು 3,400 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ನೂರು ಜನರಲ್ಲಿ ಹೆಚ್ಚುಕಡಿಮೆ 44 ಮಂದಿ.  ಕೊರೆಯುವಾಗ ನೀರು ಹಾಯಿಸುವ ಪದ್ಧತಿ ಬಂದ ಮೇಲೆ ಧೂಳು ತಗ್ಗಿತು. ಪೂರ್ತಿ ನಿಲ್ಲಲಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ತೆಗೆದುಕೊಂಡು ತಲೆಯೆತ್ತುತ್ತದೆ. ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲದು. ಗಣಿ ಮುಚ್ಚಿದ್ದರಿಂದ ಕಾಯಿಲೆಯೂ ಮುಚ್ಚಿಹೋಯಿತು ಎಂದು ತಿಳಿಯಬಾರದು.

ಇಷ್ಟು ಗಣಿಯ ಮಾತು. ಧೂಳು ಎದೆಗಿಳಿದದ್ದು ಹೇಗೆ, ವರ್ಷಗಳ ಮೇಲೆ ಏಳುವುದು ಹೇಗೆ ಎಂದು ಕೇಳಿದಿರಿ. ಈಗ ಮನೆಯಂಗಳಕ್ಕೆ ಬರೋಣ. ದಮ್ಮನ್ನು ಮೊದಲು ಪತ್ತೆ ಹಚ್ಚುವುದು ಎಷ್ಟೋ ಸಲ ಆಸ್ಪತ್ರೆಯಲ್ಲಲ್ಲ, ನಾಯಿಯ ಜೊತೆಗಿನ ನಡಿಗೆಯಲ್ಲಿ.

ಗಣಿ ಕಾರ್ಮಿಕರ ಲೈನ್ ಮನೆಗಳೆಂದರೆ ಒಂದಕ್ಕೊಂದು ಗೋಡೆ ತಗುಲಿಕೊಂಡ ಸಾಲುಮನೆಗಳು. ಎರಡು ಸಾಲಿನ ನಡುವೆ ಕಿರಿದಾದ ಓಣಿ. ಅಂಥ ಓಣಿಯಿಂದ ಸಂಜೆ ಐದರ ಹೊತ್ತಿಗೆ ಒಬ್ಬ ತಾತ ನಾಯಿ ಕರೆದುಕೊಂಡು ಹೊರಟರೆನ್ನಿ. ಕಂದು ಬಣ್ಣದ ನಾಡ ನಾಯಿ, ಕೊರಳಲ್ಲಿ ಹಗ್ಗ. ಜೊತೆಗೆ ಮೊಮ್ಮಗ. ಏರು ಬಂದ ಕಡೆ ತಾತ ನಿಲ್ಲುತ್ತಾರೆ.

“ಯಾಕೆ ತಾತ, ನಿಂತ್ಕೊಂಡ್ಬಿಟ್ಟೆ?”

“ಏನಿಲ್ಲ ಕಣಪ್ಪ, ನಾಯಿ ಏನೋ ಮೂಸ್ತಾ ಐತೆ. ಮೂಸ್ಲಿ ಬಿಡು.”

ನಾಯಿ ಮೂಸುತ್ತಿರುವುದು ನಿಜ. ತಾತನಿಗೆ ಉಸಿರು ಕಟ್ಟಿರುವುದೂ ನಿಜ. ಹೋದ ವರ್ಷ ಇದೇ ಏರಿನಲ್ಲಿ ನಾಯಿಯೇ ತಾತನನ್ನು ಹಿಂಬಾಲಿಸುತ್ತಿತ್ತು. ಈ ವರ್ಷ ಅದು ಹಗ್ಗ ಎಳೆದು, ತಿರುಗಿ ನೋಡಿ, ಕಾಯುತ್ತದೆ. ಈ ಬದಲಾವಣೆಯನ್ನು ಮನೆಯವರು ಗಮನಿಸಬೇಕು.

ವೈದ್ಯರು ದಮ್ಮನ್ನು ಅಳೆಯುವ ಒಂದು ಸರಳ ಕ್ರಮವಿದೆ. ಯಂತ್ರ ಬೇಡ, ನಾಲ್ಕು ಪ್ರಶ್ನೆ ಸಾಕು. ಬೇಗ ನಡೆದಾಗ ಅಥವಾ ಸಣ್ಣ ಏರು ಹತ್ತಿದಾಗ ಏದುಸಿರು ಬರುತ್ತದೆಯೇ? ಇದು ಮೊದಲ ಮೆಟ್ಟಿಲು. ಸಮ ನೆಲದಲ್ಲಿ ಓರಗೆಯವರ ಜೊತೆ ಹೆಜ್ಜೆ ಹಾಕಲಾರದೆ ಹಿಂದೆ ಬೀಳುತ್ತೀರಾ? ಇದು ಎರಡನೆಯದು. ನೂರು ಮೀಟರ್ ನಡೆದರೆ ನಿಲ್ಲಲೇಬೇಕೇ? ಮೂರನೆಯದು. ಅಂಗಿ ತೊಡುವಾಗಲೂ ದಮ್ಮು ಬರುತ್ತದೆಯೇ? ಅದು ಕೊನೆಯದು. ನಾಯಿ ಜೊತೆ ದಿನವೂ ಒಂದೇ ದಾರಿಯಲ್ಲಿ ನಡೆಯುವವರಿಗೆ ಈ ಪ್ರಶ್ನೆಗಳ ಉತ್ತರ ಮೊದಲೇ ಗೊತ್ತಿರುತ್ತದೆ. ಹೋದ ದೀಪಾವಳಿಯಲ್ಲಿ ಎಲ್ಲಿವರೆಗೆ ನಿಲ್ಲದೆ ಹೋಗುತ್ತಿದ್ದಿರಿ, ಈಗ ಎಲ್ಲಿ ನಿಲ್ಲುತ್ತೀರಿ? ಅದನ್ನೇ ವೈದ್ಯರಿಗೆ ಹೇಳಿ. ಅವರಿಗೆ ಅದು ಬಹಳ ಉಪಯೋಗದ ಮಾತು.

ನಡಿಗೆ ಬಿಡಬೇಕು ಎಂದಲ್ಲ. ಹಾನಿಗೊಂಡ ಶ್ವಾಸಕೋಶಕ್ಕೂ ನಿಧಾನದ ನಡಿಗೆ ಒಳ್ಳೆಯದು. ಕಾಲಿನ ಸ್ನಾಯು ಗಟ್ಟಿಯಿದ್ದರೆ ಅಷ್ಟೇ ಉಸಿರಿನಲ್ಲಿ ಹೆಚ್ಚು ದೂರ ಹೋಗಬಹುದು. ಆ ಮಟ್ಟಿಗೆ ನಾಯಿ ದೊಡ್ಡ ಉಪಕಾರ ಮಾಡುತ್ತದೆ. ಮಳೆಯಿರಲಿ, ಬೇಸರವಿರಲಿ, ಅದು ಹೊರಗೆ ಕರೆಯುತ್ತದೆ. ಗಾಳಿ ಜೋರಾಗಿ ಧೂಳೆದ್ದ ದಿನ ಮಾತ್ರ ನಡಿಗೆ ಚಿಕ್ಕದಿರಲಿ.

ನಾಯಿಯ ನಡಿಗೆ ದಮ್ಮನ್ನು ಅಳೆದು ತೋರಿಸಿತು. ಈಗ ದಮ್ಮನ್ನು ತಾನೇ ತರಬಲ್ಲ ಒಂದು ಹವ್ಯಾಸದ ಮಾತು. ಅದು ಪಾರಿವಾಳ ಸಾಕುವುದು.

ಪಾರಿವಾಳದ ಗೀಳು ಹಿಡಿದವರನ್ನು ಬಲ್ಲವರೇ ಬಲ್ಲರು. ಮಹಡಿಯ ಮೇಲೆ ಹಲಗೆ, ತಂತಿಜಾಲರಿ ಹೊಡೆದು ಗೂಡು. ಒಂದೊಂದು ಜೋಡಿಗೂ ಒಂದೊಂದು ಖಾನೆ. ಬೆಳಿಗ್ಗೆ ಬಾಗಿಲು ತೆರೆದರೆ ರೆಕ್ಕೆಗಳ ಪಟಪಟ. ಸಾಕಿದವರು ಆಕಾಶ ನೋಡುತ್ತ ನಿಂತರೆ ಕಾಫಿ ಆರಿದ್ದೂ ತಿಳಿಯುವುದಿಲ್ಲ. ಸಂಪಾದನೆ ಕಡಿಮೆ ಇದ್ದವರೂ ಇದರಲ್ಲಿ ರಾಜನಂತೆ ಬಾಳುತ್ತಾರೆ. ಈ ಪ್ರೀತಿಯನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಗೂಡು ಗುಡಿಸುವ ಕೆಲಸವೊಂದಿದೆ. ಒಣಗಿದ ಹಿಕ್ಕೆಯನ್ನು ಕೆರೆದು, ಪೊರಕೆಯಲ್ಲಿ ಗುಡಿಸಿ, ಚೀಲಕ್ಕೆ ತುಂಬುವಾಗ ನಯವಾದ ಪುಡಿ ಏಳುತ್ತದೆ. ಪಾರಿವಾಳದ ಗರಿಯಿಂದಲೂ ಬಿಳಿ ಪುಡಿ ಉದುರುತ್ತದೆ. ಇದರಲ್ಲಿರುವ ಪ್ರೋಟೀನ್‌ಗಳು ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಬೆಳಿಗ್ಗೆ ಗೂಡು ಗುಡಿಸಿದರೆ ಮಧ್ಯಾಹ್ನವೋ ಸಂಜೆಯೋ ಚಳಿ, ಜ್ವರ, ಒಣಕೆಮ್ಮು, ಎದೆ ಬಿಗಿತ. ಮರುದಿನ ಕಡಿಮೆಯಾಗುತ್ತದೆ. ನೆಗಡಿ ಜ್ವರ ಬಂದು ಹೋಯಿತು ಎಂದುಕೊಳ್ಳುತ್ತಾರೆ. ಮುಂದಿನ ವಾರ ಗುಡಿಸಿದಾಗ ಮತ್ತೆ ಅದೇ. ವರ್ಷಗಟ್ಟಲೆ ಹೀಗಾದರೆ ಶ್ವಾಸಕೋಶದಲ್ಲಿ ಮಾಯದ ಕಲೆ ಉಳಿಯುತ್ತದೆ. ಜಗತ್ತಿನ ಎಲ್ಲ ಕಡೆ ವೈದ್ಯರು ಬಲ್ಲ ಕಾಯಿಲೆ ಇದು. ಹಕ್ಕಿ ಸಾಕುವವರ ಶ್ವಾಸಕೋಶ ಎಂದೇ ಇದಕ್ಕೆ ಹೆಸರು.

ಇದರಲ್ಲಿ ಒಂದು ಸಮಾಧಾನವಿದೆ. ಬೇಗ ಗೊತ್ತಾದರೆ, ಹಕ್ಕಿಯ ಧೂಳಿನಿಂದ ದೂರ ಸರಿದರೆ, ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಗೂಡು ಗುಡಿಸುವ ಮುನ್ನ ನೀರು ಚಿಮುಕಿಸಿ. ಟವೆಲ್ ಸುತ್ತಿಕೊಂಡರೆ ಸಾಲದು, ಎನ್-95 ಮಾಸ್ಕ್ ಹಾಕಿಕೊಳ್ಳಿ. ಗೂಡು ಮಲಗುವ ಕೋಣೆಯ ಕಿಟಕಿಯ ಪಕ್ಕ ಬೇಡ. ಗಣಿಯಲ್ಲಿ ದುಡಿದವರಿರುವ ಮನೆಯಲ್ಲಿ ಗುಡಿಸುವ ಕೆಲಸ ಅವರಿಗೆ ಬೇಡವೇ ಬೇಡ. ಅವರ ಎದೆ ಮೊದಲೇ ಒಂದು ಧೂಳನ್ನು ಹೊತ್ತಿದೆ. ಮತ್ತೊಂದನ್ನು ಹೊರಿಸಬಾರದು.

ಹಾಲು, ರೇಷ್ಮೆ, ಚಿನ್ನ ಎಂದು ಕೋಲಾರಕ್ಕೆ ಹೆಸರು. ಉಳಿದೆರಡರ ಮಾತನ್ನೂ ಚುಟುಕಾಗಿ ಹೇಳಬೇಕು. ಬಂಗಾರಪೇಟೆ ಸುತ್ತಲ ಹಳ್ಳಿಗಳಲ್ಲಿ ಸೀಮೆಹಸು ಸಾಕುವವರು ಬೂಷ್ಟು ಹಿಡಿದ ಹುಲ್ಲು ಕೊಡವಿದಾಗ, ರೇಷ್ಮೆ ಕೆಲಸದವರು ಚಿಟ್ಟೆಯ ರೆಕ್ಕೆಪುಡಿಯ ನಡುವೆ ದುಡಿದಾಗ, ಇಂಥದೇ ಉಬ್ಬಸ ಬರಬಹುದು. ಕೆಲಸದ ಹೊತ್ತಿಗೂ ದಮ್ಮಿನ ಹೊತ್ತಿಗೂ ನಂಟಿದೆಯೇ ಎಂದು ನೋಡಿಕೊಳ್ಳಿ.

ಗಣಿಯ ಧೂಳು, ನಾಯಿಯ ನಡಿಗೆ, ಪಾರಿವಾಳದ ಪುಡಿ. ಇಲ್ಲಿಯವರೆಗೆ ಕೇಳಿದ್ದು ಇದು. ಇನ್ನು ಆಟ ಮತ್ತು ವಾದ್ಯ.

ಕೆಜಿಎಫ್ ಆಟದ ಊರು. ಇಂಗ್ಲಿಷರ ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗಾರಿಕೆ ಕೈಗೆತ್ತಿಕೊಂಡಿತು. ಅವರ ಜೊತೆ ಕ್ಲಬ್ಬು, ಗಾಲ್ಫ್, ಟೆನಿಸ್ ಬಂದವು. ಕಾರ್ಮಿಕರ ಮಕ್ಕಳು ಫುಟ್‌ಬಾಲ್, ಹಾಕಿ, ಬಾಕ್ಸಿಂಗ್‌ಗಳನ್ನು ತಮ್ಮದನ್ನಾಗಿ ಮಾಡಿಕೊಂಡರು. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಒಂದೇ ಮೈದಾನದಲ್ಲಿ ಕೇಳಿಸುತ್ತವೆ. ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ಹಾಡಿನ ತಂಡಗಳು ಓಣಿ ಓಣಿ ಸುತ್ತುತ್ತವೆ. ಮದುವೆಗೆ, ಮೆರವಣಿಗೆಗೆ, ಸಾವಿಗೂ ಬ್ಯಾಂಡ್ ಬೇಕು.

ಬ್ಯಾಂಡ್‌ನಲ್ಲಿ ತುತ್ತೂರಿ ಊದುವವರ ಕಡೆ ಸ್ವಲ್ಪ ಗಮನ ಕೊಡಿ. ಒಂದು ಸ್ವರವನ್ನು ಉದ್ದಕ್ಕೆ ಹಿಡಿಯಲು ಎದೆ ತುಂಬ ಗಾಳಿ ಬೇಕು. ಮೊದಲು ಒಂದೇ ಉಸಿರಿಗೆ ಮುಗಿಯುತ್ತಿದ್ದ ಸಾಲಿಗೆ ಈಗ ನಡುವೆ ಎರಡು ಸಲ ಉಸಿರೆಳೆಯಬೇಕಾದರೆ ಅದು ತಪಾಸಣೆಗೆ ಹೊತ್ತಾಯಿತು ಎಂಬ ಸೂಚನೆ. ಆಸ್ಪತ್ರೆಯಲ್ಲಿ ಮಾಡಿಸುವುದೂ ಊದುವ ಪರೀಕ್ಷೆಯನ್ನೇ. ಸ್ಪೈರೋಮೀಟರ್ ಎಂಬ ಉಪಕರಣ. ಅದರ ಕೊಳವೆಗೆ ಬಾಯಿಟ್ಟು, ಎದೆ ಬರಿದಾಗುವವರೆಗೂ ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂದು ಅದು ಹೇಳುತ್ತದೆ. ನೋವಿಲ್ಲ, ಸೂಜಿಯಿಲ್ಲ.

ಇನ್ನು ಮಕ್ಕಳ ಆಟ. ಇಲ್ಲಿ ಸೈನೈಡ್ ದಿಬ್ಬಗಳ ಮಾತು ಬಂದೇ ಬರುತ್ತದೆ. ನೋಡದವರಿಗಾಗಿ ಹೇಳುವುದಾದರೆ, ಇವು ದೇವರು ಮಾಡಿದ ಗುಡ್ಡಗಳಲ್ಲ. ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಬಿಡಿಸಿಕೊಂಡು, ಉಳಿದ ಪುಡಿಯನ್ನು ನೂರು ವರ್ಷ ರಾಶಿ ಹಾಕಿದ್ದು. ಒಟ್ಟು 3 ಕೋಟಿ ಟನ್ನಿಗೂ ಹೆಚ್ಚು. ನೆತ್ತಿ ಚಪ್ಪಟೆ, ಬಣ್ಣ ಬೂದಿಮಿಶ್ರಿತ ಬಿಳಿ, ಪಕ್ಕದಲ್ಲೆಲ್ಲ ಮಳೆನೀರು ಕೊರೆದ ಆಳವಾದ ಗೀರುಗಳು. ಕೈಗೆ ತೆಗೆದುಕೊಂಡರೆ ರಾಗಿಹಿಟ್ಟಿಗಿಂತ ನಯ. ಸಿನಿಮಾದವರಿಗೆ ಈ ದಿಬ್ಬಗಳ ಮೇಲೆ ಪ್ರೀತಿ. ಅವುಗಳ ಕೆಳಗೆ ವಾಸಿಸುವವರಿಗೆ ಬೇರೆ ಅನುಭವ.

ಸೈನೈಡ್ ಎಂಬ ಹೆಸರು ಕೇಳಿದರೆ ಎಲ್ಲರಿಗೂ ಅದರದೇ ಭಯ. ಬಿಸಿಲು ಗಾಳಿಗೆ ಅದರ ಬಹುಭಾಗ ಕಾಲಕ್ರಮದಲ್ಲಿ ಒಡೆದು ಹೋಗುತ್ತದೆ. ಆ ಪುಡಿಯಲ್ಲಿರುವ ಬೆಣಚುಕಲ್ಲಿನ ಅಂಶ ಮಾತ್ರ ಎಷ್ಟು ವರ್ಷವಾದರೂ ಹಾಗೇ ಇರುತ್ತದೆ. ಹೆಸರಿನ ಭಯದಲ್ಲಿ ಅದನ್ನು ಮರೆಯಬಾರದು. ಆಷಾಢದ ಗಾಳಿ ಬೀಸಿದರೆ ದಿಬ್ಬದ ನೆತ್ತಿಯಿಂದ ಪುಡಿ ಏಳುತ್ತದೆ. ಒಗೆದು ಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಪಾತ್ರೆಯ ಮೇಲೆ, ಆಡುವ ಮಕ್ಕಳ ಮೇಲೆ ಕೂರುತ್ತದೆ. ಮಕ್ಕಳು ಓಡುವಾಗ ಬಾಯಿಂದ ಉಸಿರಾಡುತ್ತಾರೆ. ಮೂಗಿನ ಸೋಸುವ ಕೆಲಸ ಅಲ್ಲಿಗೆ ನಿಂತಿತು. ಗಾಳಿಯ ದಿನ ದಿಬ್ಬದ ಪಕ್ಕದಲ್ಲಿ ಆಟ ಬೇಡ. ಬೇರೆ ಮೈದಾನವಿಲ್ಲದಿದ್ದರೆ ನೆಲಕ್ಕೆ ನೀರು ಚಿಮುಕಿಸಿ ಆಡಲಿ.

2024ರಲ್ಲಿ ಈ ದಿಬ್ಬಗಳ ಬಗ್ಗೆ ಹೊಸ ಸುದ್ದಿ ಬಂತು. 13 ದಿಬ್ಬಗಳ, ಸುಮಾರು 1,000 ಎಕರೆ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಕೆಲಸ ಸಿಗುತ್ತದೆ ಎಂದು ಊರು ಆಸೆಪಟ್ಟಿದೆ. ಆಸೆ ನ್ಯಾಯವಾದದ್ದು. ಆದರೆ ದಿಬ್ಬ ಕೆದಕಿದರೆ ಧೂಳು ಏಳದೆ ಇರುವುದಿಲ್ಲ. ನೀರು ಚಿಮುಕಿಸುವುದು, ಲಾರಿ ಮುಚ್ಚುವುದು, ಸುತ್ತಲಿನ ಗಾಳಿಯನ್ನು ದಿನವೂ ಅಳೆದು ಫಲಿತಾಂಶವನ್ನು ಜನರೆದುರು ಇಡುವುದು, ಇವೆಲ್ಲ ಮೊದಲ ದಿನದಿಂದಲೇ ಆಗಬೇಕು. 1940ರ ದಶಕದ ಪಾಠ ಕಣ್ಣೆದುರಿಗೇ ಇದೆ.

ಆಟ, ವಾದ್ಯ, ದಿಬ್ಬಗಳ ಮಾತಾಯಿತು. ಈಗ ಹವ್ಯಾಸಕ್ಕೆ ಬಿಡುವೇ ಇಲ್ಲದವರ ಕಡೆ ನೋಡೋಣ.

ಗಣಿ ಮುಚ್ಚಿದ ಮೇಲೆ ಸಾವಿರಾರು ಮಂದಿಯ ಅನ್ನದ ದಾರಿ ರೈಲಾಯಿತು. ಬೆಳಗಿನ ಜಾವಕ್ಕೇ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಂಗಳೂರಿಗೆ ಹೊರಡುತ್ತಾರೆ. ಹೋಗಲು ಎರಡು ಗಂಟೆಗೂ ಮೇಲೆ, ಬರಲು ಅಷ್ಟೇ. ಮನೆ ಸೇರುವಾಗ ರಾತ್ರಿ. ನಿಲ್ದಾಣದ ಹೊರಗೆ ಬಂಗಾರಪೇಟೆ ಪಾನಿಪುರಿ ತಿನ್ನುವ ಹತ್ತು ನಿಮಿಷವೇ ಅವರ ದಿನದ ಮನರಂಜನೆ. ಇಂಥವರು ಮನೆಯ ಹಿರಿಯರ ದಮ್ಮನ್ನು ಗಮನಿಸುವುದು ಯಾವಾಗ? ಭಾನುವಾರ ಒಂದೇ ದಿನ. ಆ ದಿನ ಅಪ್ಪನ ಜೊತೆ ನಾಯಿ ಹಿಡಿದು ಒಂದು ಸುತ್ತು ನಡೆಯಿರಿ. ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ.

ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದಾಗ ಆಗುವ ಒಂದು ಎಡವಟ್ಟನ್ನು ಹೇಳಲೇಬೇಕು. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕ್ಷಯದಂತೆ ಕಾಣುತ್ತದೆ. ದೇಶದ ಎಷ್ಟೋ ಕಡೆ ಕಲ್ಲು ಒಡೆಯುವವರು, ಗಣಿಯವರು ಸುಮ್ಮನೆ ಕ್ಷಯದ ಮಾತ್ರೆ ನುಂಗಿದ್ದಾರೆ. ಇನ್ನೊಂದು ಕಡೆ, ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಕ್ಷಯ ಬರುವ ಸಂಭವವೂ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಎಕ್ಸ್‌ರೇ ಜೊತೆ ಕಫದ ಪರೀಕ್ಷೆಯೂ ಆಗಬೇಕು. ಎರಡನ್ನೂ ಬಿಡಿಸಿ ನೋಡಲು ವೈದ್ಯರಿಗೆ ಒಂದು ಸಂಗತಿ ತಿಳಿದಿರಲೇಬೇಕು. ಈ ಮನುಷ್ಯ ಗಣಿಯೊಳಗೆ ಎಷ್ಟು ವರ್ಷ ದುಡಿದ ಎಂಬುದು. ಇಪ್ಪತ್ತೈದು ವರ್ಷ ಹಿಂದಿನ ಕೆಲಸವನ್ನು ರೋಗಿ ತಾನಾಗಿ ಹೇಳುವುದಿಲ್ಲ, ನೂಕುನುಗ್ಗಲಿನಲ್ಲಿ ವೈದ್ಯರು ಕೇಳುವುದಿಲ್ಲ.

ಸಿಲಿಕೋಸಿಸ್‌ನ ಕಲೆಯನ್ನು ಅಳಿಸುವ ಔಷಧಿ ಇಲ್ಲ. ಆದರೂ ಮಾಡುವುದು ಬಹಳಷ್ಟಿದೆ. ಬೀಡಿ ಬಿಡುವುದು, ಸೌದೆ ಒಲೆಯ ಹೊಗೆಯಿಂದ ದೂರ ಇರುವುದು, ಕ್ಷಯವನ್ನು ಬೇಗ ಹಿಡಿಯುವುದು, ನ್ಯೂಮೋನಿಯಾಗೆ ಲಸಿಕೆ ಹಾಕಿಸುವುದು. ಕಾನೂನೂ ಈ ಕಾಯಿಲೆಯನ್ನು ಗುರುತಿಸಿದೆ. 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಸಿಲಿಕೋಸಿಸ್ ಸೇರಿತ್ತು. ರಾಜಸ್ಥಾನ 2019ರಲ್ಲಿ ಇಂಥ ರೋಗಿಗಳಿಗಾಗಿಯೇ ನೀತಿ ರೂಪಿಸಿತು. ಕಾಯಿಲೆ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ. ಸುಮಾರು 800 ಟನ್ ಚಿನ್ನವನ್ನು ಮೇಲಕ್ಕೆ ತಂದುಕೊಟ್ಟ ಊರಿಗೆ ಕರ್ನಾಟಕವೂ ಅಷ್ಟನ್ನಾದರೂ ಮಾಡಬೇಕು.

ಕೇಳುಗರೇ, ನಿಮ್ಮ ಮನೆಯಲ್ಲಿ ಹಳೆಯ ಗಣಿ ಕಾರ್ಮಿಕರಿದ್ದರೆ ಒಂದು ಚೀಟಿ ಬರೆದಿಡಿ. ಯಾವ ಗಣಿ, ಯಾವ ಶಾಫ್ಟ್, ಎಷ್ಟನೇ ಇಸವಿಯಿಂದ ಎಷ್ಟನೇ ಇಸವಿವರೆಗೆ, ಕೊರೆಯುವ ಕೆಲಸವೋ, ಸಾಗಿಸುವ ಕೆಲಸವೋ, ಮಿಲ್ಲಿನ ಕೆಲಸವೋ. ಕೆಳಗೆ ಇನ್ನೆರಡು ಸಾಲು ಸೇರಿಸಿ: ಮನೆಯಲ್ಲಿ ಯಾವ ಪ್ರಾಣಿ ಪಕ್ಷಿ ಸಾಕಿದ್ದೀರಿ, ದಮ್ಮು ಹತ್ತುವುದು ಎಷ್ಟು ದೂರ ನಡೆದ ಮೇಲೆ. ಆ ಚೀಟಿ ಹಿಡಿದು ಈ ವಾರವೇ ಎದೆಯ ಎಕ್ಸ್‌ರೇಗೆ ಹೋಗಿ. ವೈದ್ಯರ ಕೈಗೆ ಮೊದಲು ಅದನ್ನೇ ಕೊಡಿ.